ಅಣಕು ರಾಜತಾಂತ್ರಿಕ ಅಧಿವೇಶನ ಮತ್ತು ವಿದ್ಯಾರ್ಥಿಯ ಬೆಳವಣಿಗೆ

ಪೀಠಿಕೆ

ಪ್ರೌಢಶಾಲೆಯ ಸಮಾಜವಿಜ್ಞಾನದಲ್ಲಿ ವಿಶ್ವಸಂಸ್ಥೆಯ ಪಾಠವು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ನಡೆಯುತ್ತದೆ. ಸಂಸ್ಥೆ ಸ್ಥಾಪನೆಯಾದ ದಿನ, ಆರು ಪ್ರಧಾನ ಅಂಗಗಳ ಹೆಸರು, ಕೇಂದ್ರ ಕಚೇರಿ ಇರುವ ಸ್ಥಳ, ಇವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಬೇಸಿಗೆ ರಜೆಯೊಳಗೆ ಮರೆಯುತ್ತಾರೆ. ದೇಶಗಳು ಒಂದರೊಡನೊಂದು ಹೇಗೆ ಮಾತನಾಡುತ್ತವೆ, ಒಪ್ಪದಿರುವ ಎರಡು ಪಕ್ಷಗಳು ಒಂದು ಕಾಗದದ ಮೇಲೆ ಸಹಿ ಹಾಕುವ ತನಕ ಏನೇನು ನಡೆಯುತ್ತದೆ ಎಂಬುದು ಮಾತ್ರ ಪಾಠದ ಹೊರಗೇ ಉಳಿಯುತ್ತದೆ. ಅದನ್ನು ಒಳಗೆ ತರುವ ಸರಳ ವಿಧಾನವೇ ಅಣಕು ಅಧಿವೇಶನ.

ಅವಿಭಜಿತ ಅನಂತಪುರ ಜಿಲ್ಲೆಯ ರಾಯದುರ್ಗ ಮತ್ತು ಮಡಕಶಿರಾ ಭಾಗಗಳ ಕನ್ನಡ ಮಾಧ್ಯಮ ಶಾಲೆಗಳಿಗೆ ಈ ವಿಧಾನ ಇನ್ನೊಂದು ಕಾರಣಕ್ಕಾಗಿಯೂ ಮುಖ್ಯವಾಗಿದೆ. ಇಲ್ಲಿನ ವಿದ್ಯಾರ್ಥಿ ಮನೆಯಲ್ಲಿ ಕನ್ನಡ ಆಡುತ್ತಾನೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮಂಡಲ ಕಚೇರಿಯಲ್ಲಿ ತೆಲುಗು ಕೇಳುತ್ತಾನೆ. ಹತ್ತನೆಯ ತರಗತಿ ಮುಗಿಸಿ ಇಂಟರ್‌ಮೀಡಿಯೆಟ್‌ಗೆ ಹೋದಾಗ ಸಾಮಾನ್ಯವಾಗಿ ಬೋಧನೆಯ ಮಾಧ್ಯಮವೇ ಬದಲಾಗುತ್ತದೆ. ಆ ಹೊಸ ತರಗತಿಯಲ್ಲಿ ವಿಷಯ ಗೊತ್ತಿದ್ದರೂ ಬಾಯಿ ತೆರೆಯದೆ ಕೂರುವ ಮಕ್ಕಳನ್ನು ಶಿಕ್ಷಕರೆಲ್ಲರೂ ಬಲ್ಲರು. ಅವರಿಗೆ ಕೊರತೆಯಾದದ್ದು ಜ್ಞಾನವಲ್ಲ. ಸಭೆಯಲ್ಲಿ ಎದ್ದು ನಿಂತು, ಒಂದು ನಿಲುವನ್ನು ಮಂಡಿಸಿ, ಎದುರು ಬಂದ ಪ್ರಶ್ನೆಗೆ ಉತ್ತರಿಸಿದ ಅನುಭವ ಅವರಿಗೆ ಒಮ್ಮೆಯೂ ದೊರೆತಿರುವುದಿಲ್ಲ. ಆ ಅನುಭವವನ್ನು ಮಾತೃಭಾಷೆಯಲ್ಲಿಯೇ, ಶಾಲೆಯಲ್ಲಿಯೇ ಕೊಡುವುದು ಪ್ರಸ್ತುತ ಲೇಖನದ ಉದ್ದೇಶ.

ಅಣಕು ಅಧಿವೇಶನ ಎಂದರೇನು?

ವಿದ್ಯಾರ್ಥಿಗಳು ಬೇರೆ ಬೇರೆ ದೇಶಗಳ ಪ್ರತಿನಿಧಿಗಳಾಗಿ ಕುಳಿತು, ನಿಜವಾದ ಒಂದು ಸಮಸ್ಯೆಯನ್ನು ನಿಯಮಬದ್ಧವಾಗಿ ಚರ್ಚಿಸಿ, ಕೊನೆಗೆ ಲಿಖಿತ ನಿರ್ಣಯಕ್ಕೆ ಬರುವ ಕಲಿಕಾ ಚಟುವಟಿಕೆಯೇ ಅಣಕು ಅಧಿವೇಶನ. 1920ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಆಗಿನ ರಾಷ್ಟ್ರಸಂಘದ ಮಾದರಿಯಲ್ಲಿ ಇದನ್ನು ನಡೆಸತೊಡಗಿದವು. ವಿಶ್ವಸಂಸ್ಥೆ ಹುಟ್ಟಿದ ಬಳಿಕ ಅದರ ಹೆಸರಿನಲ್ಲಿ ಮುಂದುವರಿಯಿತು. ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ 1968ರಿಂದ ಇಂಥ ಅಧಿವೇಶನ ನಡೆಯುತ್ತ ಬಂದಿದೆ. ಭಾರತದಲ್ಲಿ ಇದಕ್ಕೆ ಹತ್ತಿರದ ಚಟುವಟಿಕೆ ಯುವ ಸಂಸತ್ತು. ಸಂಸದೀಯ ವ್ಯವಹಾರಗಳ ಸಚಿವಾಲಯವು ಅದನ್ನು 1966–67ರಲ್ಲಿ ದೆಹಲಿಯ ಶಾಲೆಗಳಲ್ಲಿ ಆರಂಭಿಸಿತು.

ಯುವ ಸಂಸತ್ತಿಗೂ ಅಣಕು ರಾಜತಾಂತ್ರಿಕ ಅಧಿವೇಶನಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಸಂಸತ್ತಿನಲ್ಲಿ ಬಹುಮತ ಇದ್ದವರು ಗೆಲ್ಲುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಎರಡು ದೇಶಗಳ ನಡುವೆ ಬಹುಮತ ಎಂಬುದಿಲ್ಲ. ಎದುರಿನವರು ಒಪ್ಪದಿದ್ದರೆ ಒಪ್ಪಂದವೇ ಇಲ್ಲ. ಆದ್ದರಿಂದ ಇಲ್ಲಿ ಎದುರು ಪಕ್ಷವನ್ನು ಮಾತಿನಲ್ಲಿ ಸೋಲಿಸುವುದರಿಂದ ಏನೂ ದೊರೆಯುವುದಿಲ್ಲ. ಅವರಿಗೆ ನಿಜವಾಗಿ ಬೇಕಾದದ್ದೇನು ಎಂದು ತಿಳಿದವರಿಗೆ ಮಾತ್ರ ಫಲ ದೊರೆಯುತ್ತದೆ. ಚರ್ಚಾಸ್ಪರ್ಧೆಯಿಂದ ಈ ಚಟುವಟಿಕೆಯನ್ನು ಬೇರ್ಪಡಿಸುವ ಅಂಶವೂ ಇದೇ.

ಪ್ರತಿನಿಧಿ ಯಾರ ಪರವಾಗಿ ಮಾತನಾಡುತ್ತಾನೆ?

ವಿದ್ಯಾರ್ಥಿಗಳಿಗೆ ಮೊದಲು ಮನದಟ್ಟಾಗಬೇಕಾದದ್ದು ಪ್ರತಿನಿಧಿ ಎಂಬ ಪದದ ಅರ್ಥ. ಪ್ರತಿನಿಧಿಯು ತನ್ನ ಸ್ವಂತ ಅಭಿಪ್ರಾಯವನ್ನು ಹೇಳುವವನಲ್ಲ; ತನ್ನನ್ನು ಕಳುಹಿಸಿದವರ ನಿಲುವನ್ನು ಹೇಳುವವನು. ಇದನ್ನು ವಿವರಿಸಲು ಈ ನಾಡಿಗೆ ಸಂಬಂಧಿಸಿದ ಇಬ್ಬರ ಉದಾಹರಣೆಗಳು ಉಪಯುಕ್ತವಾಗಿವೆ.

1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಸರ್ ಎ. ರಾಮಸ್ವಾಮಿ ಮೊದಲಿಯಾರ್ ಒಬ್ಬರು. ಅವರು ಹುಟ್ಟಿದ್ದು ರಾಯಲಸೀಮೆಯ ಕರ್ನೂಲಿನಲ್ಲಿ. ಮುಂದೆ ಅವರು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದರು. 1946ರಿಂದ 1949ರವರೆಗೆ ಮೈಸೂರಿನ ದಿವಾನರಾಗಿದ್ದರು. ಕರ್ನೂಲು ಮತ್ತು ಮೈಸೂರುಗಳೆರಡಕ್ಕೂ ಸಲ್ಲುವ ಈ ಹೆಸರನ್ನು ಗಡಿಭಾಗದ ಮಕ್ಕಳಿಗೆ ತಿಳಿಸುವುದು ಉಚಿತ. ವಿಶ್ವಸಂಸ್ಥೆ ಎಂಬುದು ತಮಗೆ ಸಂಬಂಧವಿಲ್ಲದ ದೂರದ ಕಟ್ಟಡ ಎಂಬ ಭಾವನೆ ಇದರಿಂದ ಕಡಿಮೆಯಾಗುತ್ತದೆ.

ಎರಡನೆಯವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದ ಅವರು ನಂತರ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನವು ಸರದಿಯಂತೆ ಭಾರತಕ್ಕೆ ಬಂದಿದ್ದಾಗಲೇ ಕೊರಿಯಾ ಯುದ್ಧ ಆರಂಭವಾಯಿತು. ಉತ್ತರ ಕೊರಿಯಾ ತನ್ನ ಸೇನೆಯನ್ನು ಹಿಂತೆಗೆಯಬೇಕೆಂಬ ಜೂನ್ 25ರ ನಿರ್ಣಯಕ್ಕೆ ಭಾರತ ಮತ ನೀಡಿತು. ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ನೆರವು ನೀಡಬೇಕೆಂಬ ಜೂನ್ 27ರ ನಿರ್ಣಯ ಮತಕ್ಕೆ ಬಂದಾಗ ದೆಹಲಿಯಿಂದ ಸೂಚನೆ ಇನ್ನೂ ತಲುಪಿರಲಿಲ್ಲ. ಭಾರತ ಆ ಮತದಾನದಲ್ಲಿ ಭಾಗವಹಿಸಲಿಲ್ಲ. ಎರಡು ದಿನಗಳ ನಂತರ ಭಾರತ ಸರ್ಕಾರ ಆ ನಿರ್ಣಯವನ್ನು ಸ್ವೀಕರಿಸಿತು. ಸಭೆಯ ಅಧ್ಯಕ್ಷನ ಕುರ್ಚಿಯಲ್ಲಿ ಕುಳಿತವರು ಸಹ ತಮ್ಮನ್ನು ಕಳುಹಿಸಿದ ಸರ್ಕಾರದ ಸೂಚನೆಯಿಲ್ಲದೆ ಕೈ ಎತ್ತಲಿಲ್ಲ ಎಂಬ ಈ ಒಂದು ಸಂಗತಿ, ಪ್ರತಿನಿಧಿತ್ವದ ಬಗ್ಗೆ ಹತ್ತು ವಾಕ್ಯಗಳ ವ್ಯಾಖ್ಯೆಗಿಂತ ಹೆಚ್ಚು ಹೇಳುತ್ತದೆ.

ಮೊದಲ ಅಭ್ಯಾಸ: ಊರಿನ ನೀರು

ನೇರವಾಗಿ ಅಂತರರಾಷ್ಟ್ರೀಯ ವಿಷಯಕ್ಕೆ ಹೋದರೆ ಮಕ್ಕಳು ಪುಸ್ತಕದ ವಾಕ್ಯಗಳನ್ನು ಒಪ್ಪಿಸತೊಡಗುತ್ತಾರೆ. ಆದ್ದರಿಂದ ಮೊದಲ ಅಭ್ಯಾಸವು ಅವರು ಕಣ್ಣಾರೆ ಕಂಡ ವಿಷಯದ ಮೇಲೆ ಇರಬೇಕು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೀರಿಗಿಂತ ಪರಿಚಿತವಾದ ವಿಷಯ ಬೇರೊಂದಿಲ್ಲ. ಕೆರೆಯ ತೂಬು ತೆಗೆದು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಹೆಸರು ಕನ್ನಡ, ತೆಲುಗು ಎರಡರಲ್ಲಿಯೂ ಉಂಟು. ಊರಿನ ಹಿರಿಯರನ್ನು ವಿಚಾರಿಸಿ, ಆ ಸರದಿ ಹೇಗೆ ನಡೆಯುತ್ತಿತ್ತು, ನೀರು ಸಾಲದ ವರ್ಷ ಏನು ಮಾಡುತ್ತಿದ್ದರು ಎಂದು ಬರೆದುಕೊಂಡು ಬರುವುದನ್ನು ಮನೆಗೆಲಸವಾಗಿ ಕೊಡಬಹುದು.

ಅನಂತರ ವೇದಾವತಿ ನದಿಯ ನಕಾಶೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವುದು. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ಈ ನದಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವಿದೆ. ಮುಂದೆ ನದಿ ಆಂಧ್ರವನ್ನು ಪ್ರವೇಶಿಸುತ್ತದೆ. ರಾಯದುರ್ಗದ ಹತ್ತಿರ ಗುಮ್ಮಗಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಜಲಾಶಯವಿದೆ. ಆಮೇಲೆ ಹಗರಿ ಎಂಬ ಹೆಸರಿನಿಂದ ಬಳ್ಳಾರಿ ಸೀಮೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಹಿರಿಯೂರಿನವರ ಮುಂದೆ ರಾಯದುರ್ಗದವರು ನೀರು ಕೇಳುವವರು; ಬಳ್ಳಾರಿಯವರ ಮುಂದೆ ನೀರು ಬಿಡಬೇಕಾದವರು. ಒಂದೇ ಊರಿನವರು ಏಕಕಾಲಕ್ಕೆ ಕೆಳಗಣವರೂ ಮೇಲಣವರೂ ಆಗಿರುವ ಈ ಸ್ಥಿತಿಯನ್ನು ಮಕ್ಕಳೇ ನಕಾಶೆಯಿಂದ ಗುರುತಿಸಲಿ. ತರಗತಿಯನ್ನು ಮೂರು ಗುಂಪು ಮಾಡಿ, ಪ್ರತಿ ಗುಂಪಿನಿಂದ ಒಂದೊಂದು ಪುಟದ ಬೇಡಿಕೆ ಬರೆಸಿ, ಆಮೇಲೆ ಗುಂಪುಗಳ ಸ್ಥಾನ ಬದಲಾಯಿಸಬೇಕು. ನಿನ್ನೆ ತಾನೇ ಬರೆದ ಬೇಡಿಕೆಗೆ ಇಂದು ತಾನೇ ಉತ್ತರ ಕೊಡಬೇಕಾಗಿ ಬಂದಾಗ ವಿದ್ಯಾರ್ಥಿಯ ಧ್ವನಿಯೇ ಬೇರೆಯಾಗುತ್ತದೆ.

ಈ ವಿಷಯಕ್ಕೆ ಚರಿತ್ರೆಯ ಆಧಾರವೂ ಇದೆ. 1892ರ ಫೆಬ್ರವರಿ 18ರಂದು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರಗಳ ನಡುವೆ ನೀರಾವರಿ ಕುರಿತ ಒಪ್ಪಂದವಾಯಿತು. ಆಗ ರಾಯದುರ್ಗವೂ ಮಡಕಶಿರಾವೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಒಪ್ಪಂದದ ಪಟ್ಟಿಯಲ್ಲಿ ಹೆಸರಿಸಿದ ನದಿಗಳಲ್ಲಿ ವೇದಾವತಿಯೂ ಪೆನ್ನಾರ್ ನದಿಯೂ ಸೇರಿವೆ. ಮೈಸೂರು ಈ ನದಿಗಳ ಮೇಲೆ ಹೊಸ ಜಲಾಶಯ ಕಟ್ಟುವ ಮೊದಲು ಮದ್ರಾಸಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಮೊದಲೇ ಸಿದ್ಧವಾಗಿರುವ ಹಕ್ಕುಗಳ ರಕ್ಷಣೆಗಾಗಿ ಹೊರತು ಮದ್ರಾಸ್ ಒಪ್ಪಿಗೆಯನ್ನು ನಿರಾಕರಿಸಬಾರದು. ಭಿನ್ನಾಭಿಪ್ರಾಯ ಬಂದರೆ ಮಧ್ಯಸ್ಥರ ಮುಂದೆ ಹೋಗಬೇಕು ಎಂಬುದು ಅದರ ಸಾರ. ತಿಳಿಸುವುದು, ಒಪ್ಪಿಗೆ ಕೇಳುವುದು, ಮಧ್ಯಸ್ಥಿಕೆ: ಈ ಮೂರು ಮೆಟ್ಟಿಲುಗಳು ಮುಂದೆ ದೇಶಗಳ ಮಟ್ಟದಲ್ಲಿಯೂ ಕಾಣಸಿಗುತ್ತವೆ. ಮಡಕಶಿರಾ ಭಾಗದ ಶಾಲೆಗಳು ವೇದಾವತಿಯ ಬದಲು ಪೆನ್ನಾರ್ ನದಿಯನ್ನು ಅಥವಾ ಎರಡು ಊರುಗಳಿಗೆ ಸೇರಿದ ಕೆರೆಯೊಂದನ್ನು ಆಯ್ದುಕೊಳ್ಳಬಹುದು.

ಎರಡನೆಯ ಅಭ್ಯಾಸ: ಫರಕ್ಕಾದ ನೀರು

ಊರಿನ ನೀರಿನಿಂದ ದೇಶಗಳ ನೀರಿಗೆ ಹೋಗಲು 1996ರ ಗಂಗಾ ಜಲ ಒಪ್ಪಂದ ಅತ್ಯಂತ ಸೂಕ್ತವಾದ ಪಠ್ಯ. ಅದನ್ನು 1996ರ ಡಿಸೆಂಬರ್ 12ರಂದು ಹೊಸದೆಹಲಿಯಲ್ಲಿ ಭಾರತದ ಪರವಾಗಿ ಪ್ರಧಾನಮಂತ್ರಿ ಎಚ್.ಡಿ. ದೇವೇಗೌಡರೂ ಬಾಂಗ್ಲಾದೇಶದ ಪರವಾಗಿ ಪ್ರಧಾನಮಂತ್ರಿ ಶೇಖ್ ಹಸೀನಾ ಅವರೂ ಸಹಿ ಮಾಡಿದರು. ಒಪ್ಪಂದದ ಅವಧಿ 30 ವರ್ಷ. ಪರಸ್ಪರ ಒಪ್ಪಿಗೆಯಿಂದ ನವೀಕರಿಸಬಹುದು.

ಹಿನ್ನೆಲೆ ಇಷ್ಟು. ಪಶ್ಚಿಮ ಬಂಗಾಳದಲ್ಲಿ, ಬಾಂಗ್ಲಾದೇಶದ ಗಡಿಗೆ ಸಮೀಪದಲ್ಲಿ, ಗಂಗಾ ನದಿಗೆ ಅಡ್ಡಲಾಗಿ ಫರಕ್ಕಾ ಬ್ಯಾರೇಜ್ ಇದೆ. 1975ರಲ್ಲಿ ಅದು ಕಾರ್ಯಾರಂಭ ಮಾಡಿತು. ಕೋಲ್ಕತ್ತಾ ಬಂದರಿನಲ್ಲಿ ಹೂಳು ತುಂಬದಂತೆ ಹೂಗ್ಲಿ ನದಿಗೆ ನೀರು ಹಾಯಿಸಬೇಕೆಂಬುದು ಭಾರತದ ಅಗತ್ಯ. ಬೇಸಾಯಕ್ಕೆ ನೀರು ಬೇಕು, ನದಿಯ ಹರಿವು ಕುಗ್ಗಿದರೆ ನೈಋತ್ಯ ಭಾಗಕ್ಕೆ ಸಮುದ್ರದ ಉಪ್ಪು ಏರಿ ಬರುತ್ತದೆ ಎಂಬುದು ಬಾಂಗ್ಲಾದೇಶದ ಅಗತ್ಯ. ಇವೆರಡರಲ್ಲಿ ಯಾವುದೂ ಸುಳ್ಳಲ್ಲ. ಒಂದು ಪಕ್ಷ ಸರಿ, ಇನ್ನೊಂದು ತಪ್ಪು ಎಂದು ತೀರ್ಪು ಕೊಡಲು ಬಾರದಂಥ ವಿಷಯವೇ ಅಣಕು ಅಧಿವೇಶನಕ್ಕೆ ಬೇಕಾದದ್ದು.

ಒಪ್ಪಂದದ ಲೆಕ್ಕ ಗಣಿತದ ತರಗತಿಗೂ ಉಪಯೋಗಕ್ಕೆ ಬರುತ್ತದೆ. ಜನವರಿ 1ರಿಂದ ಮೇ 31ರವರೆಗಿನ ಬೇಸಿಗೆಯ ಕಾಲವನ್ನು ಸುಮಾರು ಹತ್ತು ಹತ್ತು ದಿನಗಳ ಅವಧಿಗಳಾಗಿ ವಿಂಗಡಿಸಲಾಗಿದೆ. ಫರಕ್ಕಾದಲ್ಲಿ ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು. 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. 75,000 ಮೀರಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಹರಿವು 60,000 ಇದ್ದಾಗ ಇಬ್ಬರಿಗೂ 30,000. 72,000 ಇದ್ದಾಗ ಬಾಂಗ್ಲಾದೇಶಕ್ಕೆ 35,000, ಭಾರತಕ್ಕೆ 37,000. 90,000 ಇದ್ದಾಗ ಭಾರತಕ್ಕೆ 40,000, ಬಾಂಗ್ಲಾದೇಶಕ್ಕೆ 50,000. ಮಾರ್ಚ್ 11ರಿಂದ ಮೇ 10ರವರೆಗಿನ ಅತ್ಯಂತ ಬಿಕ್ಕಟ್ಟಿನ ದಿನಗಳಲ್ಲಿ ಎರಡು ದೇಶಗಳಿಗೂ ಹತ್ತು ದಿನ ಬಿಟ್ಟು ಹತ್ತು ದಿನದಂತೆ, ತಲಾ ಮೂರು ಅವಧಿಗಳಲ್ಲಿ 35,000 ಕ್ಯೂಸೆಕ್ ಖಾತ್ರಿ. ಇದನ್ನು ಕೇಳಿದ ಮಕ್ಕಳು, ಇದು ನೀರುಗಂಟಿಯ ಸರದಿಯೇ ಅಲ್ಲವೇ ಎಂದು ತಾವಾಗಿ ಕೇಳಿದರೆ ಮೊದಲ ಅಭ್ಯಾಸ ಸಫಲವಾಯಿತೆಂದು ತಿಳಿಯಬೇಕು.

ಅಧಿವೇಶನ ನಡೆಸುವ ಕ್ರಮ

ಕನ್ನಡ ಮಾಧ್ಯಮ ವಿಭಾಗಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಇರುವುದು ಇಲ್ಲಿ ಅಡ್ಡಿಯಲ್ಲ. ಹದಿನೈದು ಮಕ್ಕಳ ತರಗತಿಯಾದರೆ ಭಾರತದ ನಿಯೋಗಕ್ಕೆ ನಾಲ್ವರು, ಬಾಂಗ್ಲಾದೇಶದ ನಿಯೋಗಕ್ಕೆ ನಾಲ್ವರು, ಅಧ್ಯಕ್ಷರು ಒಬ್ಬರು, ಕಾರ್ಯದರ್ಶಿ ಒಬ್ಬರು, ನೀರಿನ ಹರಿವನ್ನು ಅಳೆದು ವರದಿ ಮಾಡುವ ಜಂಟಿ ಸಮಿತಿಗೆ ಇಬ್ಬರು, ಪತ್ರಕರ್ತರು ಮೂವರು. ನಿಜವಾದ ಒಪ್ಪಂದದಲ್ಲಿಯೂ ಹರಿವನ್ನು ದಾಖಲಿಸಲು ಜಂಟಿ ಸಮಿತಿಯ ವ್ಯವಸ್ಥೆಯಿದೆ. ವಾರಕ್ಕೆ ಎರಡು ಪೀರಿಯಡ್‌ಗಳಂತೆ ಮೂರು ವಾರ ಸಾಕು.

ಮೊದಲ ವಾರ ಸಿದ್ಧತೆ. ಪ್ರತಿ ನಿಯೋಗವೂ ಒಂದು ಪುಟದ ನಿಲುವು ಪತ್ರ ಬರೆಯಬೇಕು. ಅದರಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಬೇಕು: ನಮ್ಮ ದೇಶಕ್ಕೆ ಏನು ಬೇಕು? ಏಕೆ ಬೇಕು? ಯಾವುದನ್ನು ಬಿಟ್ಟುಕೊಡಲಾರೆವು? ಯಾವುದನ್ನು ಬಿಟ್ಟುಕೊಡಬಲ್ಲೆವು? ನಾಲ್ಕನೆಯ ಪ್ರಶ್ನೆಗೆ ಮಕ್ಕಳು ಉತ್ತರ ಬರೆಯಲು ಹಿಂಜರಿಯುತ್ತಾರೆ. ಅಲ್ಲಿಯೇ ಶಿಕ್ಷಕರು ಹೆಚ್ಚು ಸಮಯ ಕೊಡಬೇಕು.

ಎರಡನೆಯ ವಾರ ಸಭೆ. ವಿಷಯ: ಒಪ್ಪಂದದ 30 ವರ್ಷಗಳು ಮುಗಿಯುವಾಗ ಹೊಸ ಒಪ್ಪಂದ ಹೇಗಿರಬೇಕು? ಮೊದಲಿಗೆ ಪ್ರತಿ ನಿಯೋಗದಿಂದ ಮೂರು ನಿಮಿಷಗಳ ಆರಂಭಿಕ ಹೇಳಿಕೆ, ಆಮೇಲೆ ಪ್ರಶ್ನೋತ್ತರ, ಆಮೇಲೆ ಕುರ್ಚಿಗಳಿಂದ ಎದ್ದು ಗುಂಪುಗುಂಪಾಗಿ ನಡೆಸುವ ಅನೌಪಚಾರಿಕ ಮಾತುಕತೆ. ಸಭೆಯಲ್ಲಿ ಎಲ್ಲರೂ ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತನಾಡತಕ್ಕದ್ದು. ‘ಮಾನ್ಯ ಅಧ್ಯಕ್ಷರೇ, ಬಾಂಗ್ಲಾದೇಶದ ಗೌರವಾನ್ವಿತ ಪ್ರತಿನಿಧಿಗಳು ತಿಳಿಸಿದಂತೆ’ ಎಂಬ ರೀತಿಯ ಸಂಬೋಧನೆಯು ಬರಿಯ ಶಿಷ್ಟಾಚಾರವಲ್ಲ. ಕೋಪ ಬಂದ ಮಾತು ನೇರವಾಗಿ ವ್ಯಕ್ತಿಗೆ ತಾಗದಂತೆ ಅದು ತಡೆಯುತ್ತದೆ.

ಸಭೆ ಒಂದು ಹದಕ್ಕೆ ಬಂದಾಗ ಶಿಕ್ಷಕರು ಜಂಟಿ ಸಮಿತಿಯ ಕೈಗೆ ಒಂದು ಚೀಟಿ ಕೊಡಬೇಕು: ‘ಈ ಹತ್ತು ದಿನಗಳಲ್ಲಿ ಹರಿವು 45,000 ಕ್ಯೂಸೆಕ್‌ಗೆ ಇಳಿದಿದೆ.’ ನಿಜವಾದ ಒಪ್ಪಂದದ ಪ್ರಕಾರ ಹರಿವು 50,000ಕ್ಕಿಂತ ಕಡಿಮೆಯಾದರೆ ಎರಡು ಸರ್ಕಾರಗಳು ತಕ್ಷಣ ಸಮಾಲೋಚನೆ ನಡೆಸಿ, ಸಮನ್ಯಾಯದಿಂದ, ಯಾರಿಗೂ ಹಾನಿಯಾಗದಂತೆ ತುರ್ತು ಹೊಂದಾಣಿಕೆ ಮಾಡಿಕೊಳ್ಳಬೇಕು. ಇಲ್ಲಿ ಸಿದ್ಧ ಸೂತ್ರವಿಲ್ಲ. ಬರೆದು ತಂದ ಭಾಷಣ ಕೆಲಸಕ್ಕೆ ಬರುವುದಿಲ್ಲ. ಯೋಚಿಸಿ ಮಾತನಾಡಲೇಬೇಕಾದ ಕ್ಷಣ ಇದು.

ಮೂರನೆಯ ವಾರ ಕರಡು ನಿರ್ಣಯ ಬರೆದು, ತಿದ್ದುಪಡಿ ಸೂಚಿಸಿ, ಸಭೆಯ ಮುಂದೆ ಓದಿ, ಎರಡು ನಿಯೋಗಗಳೂ ಒಪ್ಪಿದ ಭಾಗಕ್ಕೆ ಸಹಿ ಹಾಕುವುದು. ಒಪ್ಪಂದವಾಗದೆ ಉಳಿದ ಅಂಶಗಳನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಒಪ್ಪಂದವಾಗದಿರುವುದು ಸೋಲಲ್ಲ, ಎಲ್ಲಿ ಒಪ್ಪಲಿಲ್ಲ ಎಂಬುದನ್ನು ಇಬ್ಬರೂ ಒಂದೇ ಮಾತಿನಲ್ಲಿ ಬರೆಯಬಲ್ಲರಾದರೆ ಅದೂ ಸಾಧನೆಯೇ.

ಇದನ್ನು ಯಶಸ್ವಿಯಾಗಿ ಮುಗಿಸಿದ ತರಗತಿಯು ಮರುವರ್ಷ ಸಾಮಾನ್ಯ ಸಭೆಯ ಮಾದರಿಗೆ ಹೋಗಬಹುದು. ಅಂತರರಾಷ್ಟ್ರೀಯ ನದಿಗಳ ಬಳಕೆ ಕುರಿತ ಒಡಂಬಡಿಕೆಯನ್ನು ಸಾಮಾನ್ಯ ಸಭೆ 1997ರ ಮೇ 21ರಂದು ಅಂಗೀಕರಿಸಿದಾಗ ಪರವಾಗಿ 103, ವಿರುದ್ಧವಾಗಿ 3 ಮತಗಳು ಬಂದವು. 27 ದೇಶಗಳು ತಟಸ್ಥವಾಗಿ ಉಳಿದವು. ಚೀನಾ ಮತ್ತು ಟರ್ಕಿ ವಿರೋಧಿಸಿದವು, ಭಾರತ ತಟಸ್ಥವಾಗಿತ್ತು, ಬಾಂಗ್ಲಾದೇಶ ಬೆಂಬಲಿಸಿತು. ನದಿಯ ಮೇಲೆ ಯಾವ ದೇಶ ಎಲ್ಲಿದೆ ಎಂಬುದಕ್ಕೂ ಅದರ ಮತಕ್ಕೂ ಇರುವ ಸಂಬಂಧವನ್ನು ಭೂಪಟದ ಮುಂದೆ ಚರ್ಚಿಸಬಹುದು.

ಬೆಳವಣಿಗೆಯ ಹಂತಗಳು

ವಿವರಣೆಯ ಅನುಕೂಲಕ್ಕಾಗಿ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಅವಳು ರಾಯದುರ್ಗದ ಸುತ್ತಿನ ಹಳ್ಳಿಯವಳು. ತಾಯಿ ಜೀನ್ಸ್ ಹೊಲಿಗೆಗೆ ಹೋಗುತ್ತಾರೆ, ತಂದೆಗೆ ಎರಡು ಎಕರೆ ಶೇಂಗಾ ಹೊಲ. ಬರವಣಿಗೆಯಲ್ಲಿ ಅಂಕಗಳು ಚೆನ್ನಾಗಿವೆ. ತರಗತಿಯಲ್ಲಿ ಧ್ವನಿ ಕೇಳುವುದಿಲ್ಲ. ಅವಳಿಗೆ ಬಾಂಗ್ಲಾದೇಶದ ನಿಯೋಗದಲ್ಲಿ ಸ್ಥಾನ ಸಿಗುತ್ತದೆ.

ಮೊದಲ ಹಂತದಲ್ಲಿ ಅವಳು ಪಾತ್ರವನ್ನು ಕಂಠಪಾಠ ಮಾಡುತ್ತಾಳೆ. ಬರೆದದ್ದನ್ನು ಕಣ್ಣೆತ್ತದೆ ಓದಿ ಕುಳಿತುಕೊಳ್ಳುತ್ತಾಳೆ. ಇದನ್ನು ಕೊರತೆಯೆಂದು ಎಣಿಸಬಾರದು. ಸ್ವಂತ ಮಾತಿಗೆ ಅಂಜುವ ಮಗುವಿಗೆ ಪಾತ್ರದ ಮಾತು ಒಂದು ಆಸರೆ. ‘ಹೇಳುತ್ತಿರುವುದು ತಾನಲ್ಲ, ಬಾಂಗ್ಲಾದೇಶ’ ಎಂಬ ಭಾವನೆಯಿಂದಲೇ ಅವಳು ಎದ್ದು ನಿಲ್ಲುತ್ತಾಳೆ.

ಎರಡನೆಯ ಹಂತದಲ್ಲಿ ಅವಳು ವಾದಕ್ಕಿಳಿಯುತ್ತಾಳೆ. ಎದುರಿನವರ ಪ್ರತಿ ಮಾತಿಗೂ ‘ಇಲ್ಲ’ ಎನ್ನುತ್ತಾಳೆ. ಧ್ವನಿ ಏರುತ್ತದೆ. ಅನೇಕ ಶಾಲೆಗಳಲ್ಲಿ ಇದನ್ನೇ ಗುರಿಯೆಂದು ಭಾವಿಸಿ ಚಪ್ಪಾಳೆ ತಟ್ಟುವುದುಂಟು. ಆದರೆ ಇದು ನಡುದಾರಿ ಮಾತ್ರ.

ಮೂರನೆಯ ಹಂತದಲ್ಲಿ ಅವಳು ಕೇಳತೊಡಗುತ್ತಾಳೆ. 45,000 ಕ್ಯೂಸೆಕ್‌ನ ಚೀಟಿ ಬಂದಾಗ, ‘ಕೋಲ್ಕತ್ತಾ ಬಂದರಿಗೆ ಕನಿಷ್ಠ ಎಷ್ಟು ನೀರು ಬೇಕು?’ ಎಂಬ ಪ್ರಶ್ನೆ ಅವಳ ಬಾಯಿಂದ ಬರುತ್ತದೆ. ವಾದಕ್ಕಾಗಿ ಕೇಳಿದ ಪ್ರಶ್ನೆಗೂ ತಿಳಿಯಲೆಂದು ಕೇಳಿದ ಪ್ರಶ್ನೆಗೂ ವ್ಯತ್ಯಾಸವನ್ನು ಶಿಕ್ಷಕರು ಗುರುತಿಸಬಲ್ಲರು. ಈ ಹಂತವನ್ನು ದಿನಾಂಕ ಸಹಿತ ಬರೆದಿಡಬೇಕು.

ನಾಲ್ಕನೆಯ ಹಂತದಲ್ಲಿ ಅವಳು ಎದುರು ಪಕ್ಷದ ಅಗತ್ಯವನ್ನು ಎದುರು ಪಕ್ಷವೇ ಒಪ್ಪುವಂತೆ ಹೇಳಬಲ್ಲಳು: ‘ಭಾರತದ ಆತಂಕ ಹೀಗಿದೆ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ, ಸರಿಯೇ?’ ಭಾರತದ ನಿಯೋಗ ‘ಸರಿ’ ಎಂದರೆ, ಆ ಕ್ಷಣದಿಂದ ಸಂಧಾನ ಸಾಧ್ಯವಾಗುತ್ತದೆ. ಇಡೀ ಚಟುವಟಿಕೆಯ ಗುರಿ ಈ ಹಂತವೇ.

ಈ ಹಂತವನ್ನು ತಲುಪಲು ಗಡಿಭಾಗದ ಮಗುವಿಗೆ ಒಂದು ಸಹಜ ಅನುಕೂಲವಿದೆ. ಅಂಗಡಿಯಲ್ಲಿ ಎದುರಿಗಿರುವವರು ಯಾರೆಂದು ನೋಡಿ ಭಾಷೆ ಬದಲಾಯಿಸುವುದು, ಅಜ್ಜಿಯ ಮಾತನ್ನು ಕಚೇರಿಯವರಿಗೆ ತೆಲುಗಿನಲ್ಲಿ ತಿಳಿಸುವುದು, ಇವು ಅದರ ದಿನನಿತ್ಯದ ಕೆಲಸ. ಎರಡು ಪಕ್ಷಗಳ ನಡುವೆ ನಿಂತು ಮಾತು ಮುಟ್ಟಿಸುವ ವಿದ್ಯೆಯ ಅರ್ಧ ಭಾಗವನ್ನು ಅದು ಆಗಲೇ ಕಲಿತಿದೆ. ಇದುವರೆಗೆ ತೊಡಕೆಂದು ಕಂಡದ್ದು ಶಕ್ತಿಯೆಂದು ತೋರಿಸಿಕೊಡುವುದು ಶಿಕ್ಷಕರ ಕೆಲಸ.

ಭಾಷೆಯ ಪಾಠವಾಗಿ ಅಧಿವೇಶನ

ಕನ್ನಡ ಶಿಕ್ಷಕರಿಗೆ ಕರಡು ನಿರ್ಣಯದ ಬರವಣಿಗೆ ಒಂದು ಸಮೃದ್ಧ ವ್ಯಾಕರಣ ಪಾಠ. ‘ಕೊಡತಕ್ಕದ್ದು’, ‘ಕೊಡಬೇಕು’, ‘ಕೊಡಬಹುದು’, ‘ಕೊಡಲು ಯತ್ನಿಸುವುದು’ ಎಂಬ ನಾಲ್ಕು ರೂಪಗಳ ನಡುವಿನ ಅಂತರ ಪಠ್ಯಪುಸ್ತಕದ ಅಭ್ಯಾಸದಲ್ಲಿ ಮಕ್ಕಳಿಗೆ ಹೊಳೆಯುವುದಿಲ್ಲ. 35,000 ಕ್ಯೂಸೆಕ್ ನೀರನ್ನು ‘ಬಿಡತಕ್ಕದ್ದು’ ಎಂದು ಬರೆಯಬೇಕೋ ‘ಬಿಡಲು ಯತ್ನಿಸುವುದು’ ಎಂದು ಬರೆಯಬೇಕೋ ಎಂದು ಎರಡು ನಿಯೋಗಗಳು ಹತ್ತು ನಿಮಿಷ ವಾದಿಸಿದ ಮೇಲೆ ಅದು ಮರೆಯುವುದಿಲ್ಲ. ಹಾಗೆಯೇ ‘ಗಮನಿಸುತ್ತದೆ’, ‘ಕಳವಳ ವ್ಯಕ್ತಪಡಿಸುತ್ತದೆ’, ‘ವಿಷಾದಿಸುತ್ತದೆ’, ‘ಖಂಡಿಸುತ್ತದೆ’ ಎಂಬ ಕ್ರಿಯಾಪದಗಳ ತೂಕವನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಅಭ್ಯಾಸ ಕೊಡಬಹುದು.

ಅನೌಪಚಾರಿಕ ಮಾತುಕತೆಯಲ್ಲಿ ಮಕ್ಕಳು ತಮ್ಮ ಊರಿನ ಆಡುಗನ್ನಡವನ್ನೇ ಬಳಸಲಿ. ನಡುವೆ ತೆಲುಗು ಪದ ಬಂದರೆ ತಡೆಯಬಾರದು. ಬರೆಯುವ ನಿರ್ಣಯ ಮಾತ್ರ ಗ್ರಾಂಥಿಕ ಕನ್ನಡದಲ್ಲಿ ಇರಬೇಕು. ಯಾವ ಸಂದರ್ಭಕ್ಕೆ ಯಾವ ಭಾಷಾರೂಪ ಎಂಬ ವಿವೇಕವನ್ನು ಉಪದೇಶವಿಲ್ಲದೆ ಕಲಿಸುವ ದಾರಿ ಇದು.

ತಮ್ಮ ಭಾಷೆಗೆ ಅಂಥ ಸಭೆಗಳಲ್ಲಿ ಸ್ಥಾನವಿದೆಯೇ ಎಂದು ಮಕ್ಕಳು ಕೇಳುವುದು ಖಂಡಿತ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಆದರೆ ಸಾಮಾನ್ಯ ಸಭೆಯ ನಿಯಮಾವಳಿಯಂತೆ ಪ್ರತಿನಿಧಿಯು ಬೇರೆ ಭಾಷೆಯಲ್ಲಿಯೂ ಮಾತನಾಡಬಹುದು. ಅದನ್ನು ಅಧಿಕೃತ ಭಾಷೆಗಳಲ್ಲೊಂದಕ್ಕೆ ಅನುವಾದಿಸುವ ಏರ್ಪಾಡನ್ನು ಅವರೇ ಮಾಡಿಕೊಳ್ಳಬೇಕು. 1977ರಲ್ಲಿ ವಿದೇಶಾಂಗ ಸಚಿವರಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರು ಅಲ್ಲಿ ಹಿಂದಿಯಲ್ಲಿ ಭಾಷಣ ಮಾಡಿದರು. ಈ ನಿಯಮವನ್ನು ತರಗತಿಯಲ್ಲಿಯೂ ಅನುಸರಿಸಬಹುದು: ಕೊನೆಯ ದಿನ ತೆಲುಗು ಮಾಧ್ಯಮದ ವಿದ್ಯಾರ್ಥಿಗಳನ್ನು ಆಹ್ವಾನಿಸಿ, ಕನ್ನಡದ ಭಾಷಣವನ್ನು ಇಬ್ಬರು ವಿದ್ಯಾರ್ಥಿಗಳಿಂದ ತೆಲುಗಿಗೆ ಅನುವಾದಿಸಿ ಹೇಳಿಸಬೇಕು. ಸಭೆಯಲ್ಲಿ ಅನುವಾದಕನ ಸ್ಥಾನ ಎಷ್ಟು ದೊಡ್ಡದು ಎಂಬುದು ಆಗ ಎಲ್ಲರಿಗೂ ಕಾಣುತ್ತದೆ.

ವಹಿಸಬೇಕಾದ ಎಚ್ಚರಗಳು

ಒಂದು, ಭಾಷೆಗೂ ಪಕ್ಷಕ್ಕೂ ಗಂಟು ಹಾಕಬಾರದು. ಕನ್ನಡ ಮಾಧ್ಯಮದವರು ಒಂದು ದೇಶ, ತೆಲುಗು ಮಾಧ್ಯಮದವರು ಇನ್ನೊಂದು ದೇಶ ಎಂಬ ವಿಂಗಡಣೆ ಸರ್ವಥಾ ಸಲ್ಲದು. ಪ್ರತಿ ನಿಯೋಗವೂ ಮಿಶ್ರವಾಗಿರಬೇಕು.

ಎರಡು, ರಾಜ್ಯಗಳ ಗಡಿಯ ಪ್ರಶ್ನೆಯನ್ನು ಅಣಕು ಅಧಿವೇಶನದ ವಿಷಯ ಮಾಡಬಾರದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಸೇರಿತು. ಆ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಇದು ಇತಿಹಾಸದ ಪಾಠವಾಗಿ ಕಲಿಯಬೇಕಾದ ಸಂಗತಿ. ಮನೆಯ ಹಿರಿಯರ ನೆನಪಿನಲ್ಲಿ ಇನ್ನೂ ಇರುವ ವಿಷಯದಲ್ಲಿ ಮಗುವಿಗೆ ಪಾತ್ರ ಮತ್ತು ತಾನು ಎಂಬ ಅಂತರ ಕಾಯ್ದುಕೊಳ್ಳುವುದು ಕಷ್ಟ.

ಮೂರು, ಪೋಷಕರಿಗೂ ಮುಖ್ಯೋಪಾಧ್ಯಾಯರಿಗೂ ಮೊದಲೇ ತಿಳಿಸಬೇಕು. ಮಗಳು ಬೇರೊಂದು ದೇಶದ ಪರವಾಗಿ ಮಾತನಾಡಿದಳೆಂದು ಕೇಳಿದ ತಂದೆಗೆ ಆತಂಕವಾಗುವುದು ಸಹಜ. ಎದುರಿನವರ ನಿಲುವು ತಿಳಿಯದವರು ಸ್ವಂತ ದೇಶದ ನಿಲುವನ್ನೂ ರಕ್ಷಿಸಲಾರರು ಎಂಬುದನ್ನು ವಿವರಿಸಬೇಕು. ಅಧಿವೇಶನ ಮುಗಿದ ಕೂಡಲೇ ಮಕ್ಕಳಿಂದ ನಾಮಫಲಕಗಳನ್ನು ಕೆಳಗಿಳಿಸಿ, ಪಾತ್ರ ಬಿಟ್ಟು ತಮ್ಮ ಹೆಸರಿನಿಂದ ಮಾತನಾಡಲು ಐದು ನಿಮಿಷ ಕೊಡಬೇಕು.

ನಾಲ್ಕು, ಕೋಟು, ಟೈ, ಬ್ಯಾನರ್, ಪ್ರವೇಶ ಶುಲ್ಕ ಇವುಗಳ ಅಗತ್ಯವಿಲ್ಲ. ರಟ್ಟಿನ ನಾಮಫಲಕ, ಒಂದು ಗಂಟೆ, ಒಂದು ಗಡಿಯಾರ ಸಾಕು. ಅಧ್ಯಕ್ಷ ಸ್ಥಾನವನ್ನು ಪ್ರತಿಬಾರಿ ಅದೇ ಮಾತುಗಾರ ಹುಡುಗನಿಗೆ ಕೊಡದೆ ಸರದಿಯಂತೆ ಬದಲಾಯಿಸಬೇಕು.

ಮೌಲ್ಯಮಾಪನ

ಈ ಚಟುವಟಿಕೆಯನ್ನು ರೂಪಣಾತ್ಮಕ ಮೌಲ್ಯಮಾಪನದ ಯೋಜನಾಕಾರ್ಯವಾಗಿ ಪರಿಗಣಿಸಬಹುದು. ಒಟ್ಟು 20 ಅಂಕಗಳಾದರೆ, ಸಂಗತಿಗಳ ಖಚಿತತೆಗೆ 5, ನಿಲುವು ಪತ್ರ ಮತ್ತು ನಿರ್ಣಯದ ಬರವಣಿಗೆಗೆ 5, ಕೇಳುವಿಕೆ ಮತ್ತು ಪ್ರಶ್ನೆಗಳಿಗೆ 5, ಎದುರು ಪಕ್ಷದ ಅಗತ್ಯವನ್ನು ಸರಿಯಾಗಿ ಹೇಳಿದ್ದಕ್ಕೆ 5. ಕೊನೆಯ 5 ಅಂಕಗಳನ್ನು ಕೊಡುವಾಗ ಎದುರು ನಿಯೋಗದ ಅಭಿಪ್ರಾಯವನ್ನು ಕೇಳಬೇಕು. ವಾಗ್ಮಿತೆಗೆ ಪ್ರತ್ಯೇಕ ಅಂಕ ಬೇಡ. ಜೋರಾಗಿ ಮಾತನಾಡಿದವರಿಗೆ ‘ಉತ್ತಮ ಪ್ರತಿನಿಧಿ’ ಬಹುಮಾನ ಕೊಟ್ಟರೆ ಮುಂದಿನ ವರ್ಷ ಎಲ್ಲರೂ ಜೋರಾಗಿಯೇ ಮಾತನಾಡುತ್ತಾರೆ.

ಅಂಕಗಳಿಗಿಂತ ಮುಖ್ಯವಾದದ್ದು ಶಿಕ್ಷಕರ ಟಿಪ್ಪಣಿ ಪುಸ್ತಕ. ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಮೂರು ವಾರಗಳಲ್ಲಿ ಮೂರು ವಾಕ್ಯ ಬರೆದರೆ ಸಾಕು: ಮೊದಲ ವಾರ ಏನು ಹೇಳಿದಳು, ಎರಡನೆಯ ವಾರ ಏನು ಕೇಳಿದಳು, ಮೂರನೆಯ ವಾರ ಏನನ್ನು ಒಪ್ಪಿದಳು.

ಉಪಸಂಹಾರ

ಈ ವಿದ್ಯಾರ್ಥಿಗಳಲ್ಲಿ ರಾಯಭಾರಿಗಳಾಗುವವರು ಯಾರೂ ಇಲ್ಲದಿರಬಹುದು. ಆದರೆ ಎಲ್ಲರೂ ಮುಂದೆ ಒಂದಲ್ಲ ಒಂದು ಮೇಜಿನ ಮುಂದೆ ನಿಲ್ಲುವವರೇ: ಬ್ಯಾಂಕಿನಲ್ಲಿ ಸಾಲದ ಅರ್ಜಿಯೊಡನೆ, ಮಂಡಲ ಕಚೇರಿಯಲ್ಲಿ ಪಹಣಿಯ ತಿದ್ದುಪಡಿಗಾಗಿ, ಕಾಲೇಜಿನ ತರಗತಿಯಲ್ಲಿ ಮೊದಲ ಪ್ರಶ್ನೆಯೊಡನೆ, ಹೊಲಿಗೆ ಘಟಕದಲ್ಲಿ ಕೂಲಿಯ ಲೆಕ್ಕ ಕೇಳುತ್ತ. ಅಲ್ಲಿ ಭಾಷೆ ಬೇರೆಯಾಗಿರಬಹುದು. ನಿಲುವನ್ನು ತಿಳಿಯಾಗಿ ಹೇಳುವ, ಎದುರಿನವರನ್ನು ಕೇಳುವ, ಒಪ್ಪಿದ್ದನ್ನು ಬರೆದುಕೊಳ್ಳುವ ವಿದ್ಯೆ ಒಂದೇ. ಅದನ್ನು ಮಾತೃಭಾಷೆಯಲ್ಲಿ ಒಮ್ಮೆ ಗಟ್ಟಿಯಾಗಿ ಕಲಿತ ಮಗು ಬೇರೆ ಭಾಷೆಯ ಸಭೆಯಲ್ಲಿ ಮೂಕವಾಗಿ ಕೂರುವುದಿಲ್ಲ. ಶೈಕ್ಷಣಿಕ ವರ್ಷದಲ್ಲಿ ಆರು ಪೀರಿಯಡ್‌ಗಳನ್ನು ಇದಕ್ಕಾಗಿ ಮೀಸಲಿಡಲು ಇಷ್ಟು ಕಾರಣ ಸಾಕು.